ಆಹಾರಧಾನ್ಯಗಳಲ್ಲಿ ಶಿಲೀಂಧ್ರ ವಿಷಗಳು

ಶಿಲೀಂಧ್ರ ವಿಷಗಳು ಅಥವಾ ಮೈಕೊಟಾಕ್ಸಿನ್‌ಗಳು ಎಂದರೆ ಬೂಷ್ಟಿನ ಜಾತಿಗೆ ಸೇರಿದ ಕೆಲವು ಶಿಲೀಂಧ್ರಗಳು ಬೆಳೆಯುವಾಗ ಉತ್ಪತ್ತಿ ಮಾಡುವ, ಮನುಷ್ಯ ಮತ್ತು ಪ್ರಾಣಿಗಳಿಗೆ ಹಾನಿಕರವಾದ ರಾಸಾಯನಿಕ ವಸ್ತುಗಳು. ಭತ್ತ, ಮುಸುಕಿನ ಜೋಳ, ಜೋಳ, ಗೋಧಿ, ಸಜ್ಜೆ, ರಾಗಿ ಮೊದಲಾದ ಧಾನ್ಯಗಳು ಹೊಲದಲ್ಲಿ, ಕಣದಲ್ಲಿ ಅಥವಾ ಸಂಗ್ರಹಣೆಯಲ್ಲಿ ತೇವಕ್ಕೆ ಸಿಕ್ಕಿದಾಗ ಈ ವಿಷಗಳು ಅವುಗಳಲ್ಲಿ ಸೇರಿಕೊಳ್ಳುತ್ತವೆ. ಕಡಲೆಕಾಯಿ, ಹತ್ತಿಬೀಜ, ಒಣಮೆಣಸಿನಕಾಯಿ, ಕೊಬ್ಬರಿಗಳಲ್ಲಿಯೂ ಇವು ಕಂಡುಬರುತ್ತವೆ.

ಬೂಷ್ಟು ಮತ್ತು ಅದರ ವಿಷ ಒಂದೇ ಅಲ್ಲ. ಬಿಸಿಲಿಗೆ ಹರಡಿದಾಗ ಬೂಷ್ಟಿನ ಬೆಳವಣಿಗೆ ನಿಲ್ಲಬಹುದು, ಒರೆಸಿದಾಗ ಅದು ಕಣ್ಣಿಗೆ ಕಾಣದಂತಾಗಬಹುದು. ಆದರೆ ಅಷ್ಟರಲ್ಲಿ ಕಾಳಿನೊಳಗೆ ಸೇರಿದ ವಿಷ ಉಳಿದೇ ಇರುತ್ತದೆ. ಈ ವಿಷಗಳಲ್ಲಿ ಹೆಚ್ಚಿನವು ಅಡುಗೆಯ ಶಾಖಕ್ಕೂ ಪೂರ್ಣವಾಗಿ ನಾಶವಾಗುವುದಿಲ್ಲ. ಆದುದರಿಂದ ಧಾನ್ಯದ ಸುರಕ್ಷತೆಯು ಬಹುಮಟ್ಟಿಗೆ ಕೊಯ್ಲಿನ ನಂತರದ ಕೆಲವೇ ದಿನಗಳಲ್ಲಿ, ಅದನ್ನು ಎಷ್ಟು ಬೇಗ ಹಾಗೂ ಎಷ್ಟು ಚೆನ್ನಾಗಿ ಒಣಗಿಸಲಾಯಿತು ಎಂಬುದರ ಮೇಲೆ ನಿರ್ಧಾರವಾಗುತ್ತದೆ.

ಪದದ ಮೂಲ

‘ಮೈಕೊಟಾಕ್ಸಿನ್’ ಎಂಬ ಪದವು ಶಿಲೀಂಧ್ರ ಎಂಬ ಅರ್ಥದ ಗ್ರೀಕ್ ಪದ ‘ಮೈಕೀಸ್’ ಮತ್ತು ವಿಷ ಎಂಬ ಅರ್ಥದ ಲ್ಯಾಟಿನ್ ಪದ ‘ಟಾಕ್ಸಿಕಮ್’ ಇವುಗಳಿಂದ ಬಂದಿದೆ. ‘ಅಫ್ಲಾಟಾಕ್ಸಿನ್’ ಎಂಬ ಹೆಸರನ್ನು ಆಸ್ಪರ್ಜಿಲಸ್ ಫ್ಲೇವಸ್ ಎಂಬ ಶಿಲೀಂಧ್ರದ ಹೆಸರಿನ ಅಕ್ಷರಗಳಿಂದ ರೂಪಿಸಲಾಗಿದೆ. ಕನ್ನಡದ ಆಡುಮಾತಿನಲ್ಲಿ ಇಂತಹ ಧಾನ್ಯವನ್ನು ‘ಮುಗ್ಗಿದ ಕಾಳು’, ‘ಬೂಷ್ಟು ಹಿಡಿದ ಕಾಳು’ ಎನ್ನುವುದುಂಟು. ಮುಗ್ಗಲು ವಾಸನೆಯು ಶಿಲೀಂಧ್ರ ಬೆಳೆದಿರುವುದರ ಸೂಚನೆ. ವಾಸನೆ ಇಲ್ಲ ಎಂದ ಮಾತ್ರಕ್ಕೆ ವಿಷ ಇಲ್ಲವೆಂದು ಹೇಳಲಾಗದು.

ವಿಷ ಉತ್ಪತ್ತಿಯಾಗುವ ಬಗೆ

ಧಾನ್ಯವನ್ನು ಬಾಧಿಸುವ ಶಿಲೀಂಧ್ರಗಳನ್ನು ಸ್ಥೂಲವಾಗಿ ಎರಡು ಗುಂಪುಗಳಾಗಿ ವಿಂಗಡಿಸಬಹುದು. ಫ್ಯುಸೇರಿಯಮ್ ಮತ್ತು ಕ್ಲಾವಿಸೆಪ್ಸ್ ಕುಲದವು ಮುಖ್ಯವಾಗಿ ಹೊಲದಲ್ಲಿ ನಿಂತ ಪೈರಿಗೆ ತಗುಲುತ್ತವೆ. ಹೂಬಿಡುವ ಅಥವಾ ಕಾಳು ಬಲಿಯುವ ಸಮಯದಲ್ಲಿ ಮಳೆ ಹಿಡಿದರೆ ಇವು ಹೆಚ್ಚುತ್ತವೆ. ಆಸ್ಪರ್ಜಿಲಸ್ ಮತ್ತು ಪೆನಿಸಿಲಿಯಮ್ ಕುಲದವು ಮುಖ್ಯವಾಗಿ ಕೊಯ್ಲಿನ ನಂತರ, ಕಣದಲ್ಲಿ ಮತ್ತು ಉಗ್ರಾಣದಲ್ಲಿ ಬೆಳೆಯುತ್ತವೆ. ಈ ವಿಂಗಡಣೆ ಕಟ್ಟುನಿಟ್ಟಿನದಲ್ಲ. ಬರದಿಂದ ಬಾಡಿದ ಮುಸುಕಿನ ಜೋಳ ಮತ್ತು ಕಡಲೆಕಾಯಿಯಲ್ಲಿ ಆಸ್ಪರ್ಜಿಲಸ್ ಹೊಲದಲ್ಲಿಯೇ ಸೇರಿಕೊಳ್ಳುತ್ತದೆ.

ಅಫ್ಲಾಟಾಕ್ಸಿನ್ ಉತ್ಪತ್ತಿಗೆ ಸುಮಾರು 25ರಿಂದ 35 ಡಿಗ್ರಿ ಸೆಲ್ಸಿಯಸ್ ಉಷ್ಣಾಂಶ ಅನುಕೂಲವಾದುದು. ದಕ್ಷಿಣ ಭಾರತದಲ್ಲಿ ವರ್ಷದ ಬಹುಭಾಗ ಇಂತಹ ಹವೆಯೇ ಇರುವುದರಿಂದ ಇಲ್ಲಿ ಶಿಲೀಂಧ್ರವನ್ನು ತಡೆಯುವ ಮುಖ್ಯ ಅಂಶ ಉಷ್ಣಾಂಶವಲ್ಲ, ಧಾನ್ಯದ ತೇವಾಂಶ. ಕೀಟಗಳು ಕೊರೆದ, ಒಕ್ಕಣೆಯಲ್ಲಿ ಒಡೆದ ಕಾಳಿಗೆ ಶಿಲೀಂಧ್ರ ಸುಲಭವಾಗಿ ಹೊಕ್ಕುತ್ತದೆ. ಶಿಲೀಂಧ್ರವೂ ಕೀಟಗಳೂ ಉಸಿರಾಡುವಾಗ ತೇವ ಮತ್ತು ಶಾಖವನ್ನು ಬಿಡುತ್ತವೆ. ಹೀಗಾಗಿ ಚೀಲದ ಒಂದು ಮೂಲೆಯಲ್ಲಿ ಆರಂಭವಾದ ಬೂಷ್ಟು ತನ್ನ ಬೆಳವಣಿಗೆಗೆ ಬೇಕಾದ ಸ್ಥಿತಿಯನ್ನು ತಾನೇ ನಿರ್ಮಿಸಿಕೊಂಡು ಹರಡುತ್ತದೆ.

ಪ್ರಮುಖ ವಿಷಗಳು

• ಅಫ್ಲಾಟಾಕ್ಸಿನ್‌ಗಳು: ಆಸ್ಪರ್ಜಿಲಸ್ ಫ್ಲೇವಸ್ ಮತ್ತು ಆಸ್ಪರ್ಜಿಲಸ್ ಪ್ಯಾರಸಿಟಿಕಸ್ ಇವುಗಳಿಂದ ಉತ್ಪತ್ತಿಯಾಗುತ್ತವೆ. ಬಿ1, ಬಿ2, ಜಿ1, ಜಿ2 ಎಂಬುವು ಮುಖ್ಯ ರೂಪಗಳು. ನೇರಳಾತೀತ ಬೆಳಕಿನಲ್ಲಿ ನೀಲಿಯಾಗಿ ಹೊಳೆಯುವವಕ್ಕೆ ‘ಬಿ’ ಎಂದೂ ಹಸಿರಾಗಿ ಹೊಳೆಯುವವಕ್ಕೆ ‘ಜಿ’ ಎಂದೂ ಹೆಸರಿಡಲಾಯಿತು. ಇವುಗಳಲ್ಲಿ ಬಿ1 ಅತ್ಯಂತ ಉಗ್ರವಾದುದು. ಯಕೃತ್ತು ಇದರ ಮುಖ್ಯ ಗುರಿ.

• ಫ್ಯುಮೋನಿಸಿನ್‌ಗಳು: ಫ್ಯುಸೇರಿಯಮ್ ವರ್ಟಿಸಿಲಿಯಾಯ್ಡಿಸ್ ಮೊದಲಾದವುಗಳಿಂದ ಮುಸುಕಿನ ಜೋಳ ಮತ್ತು ಜೋಳದಲ್ಲಿ ಉತ್ಪತ್ತಿಯಾಗುತ್ತವೆ. 1988ರಲ್ಲಿ ದಕ್ಷಿಣ ಆಫ್ರಿಕದಲ್ಲಿ ಇವುಗಳನ್ನು ಗುರುತಿಸಲಾಯಿತು. ಕುದುರೆಗಳಲ್ಲಿ ಮಿದುಳಿನ ರೋಗಕ್ಕೂ ಹಂದಿಗಳಲ್ಲಿ ಶ್ವಾಸಕೋಶದ ಊತಕ್ಕೂ ಕಾರಣವಾಗುತ್ತವೆ.

• ಡಿಆಕ್ಸಿನಿವಲೆನಾಲ್ ಮತ್ತು ಟಿ-2 ವಿಷ: ಫ್ಯುಸೇರಿಯಮ್ ಕುಲದ ಇತರ ಜಾತಿಗಳಿಂದ ಗೋಧಿ, ಬಾರ್ಲಿ, ಮುಸುಕಿನ ಜೋಳಗಳಲ್ಲಿ ಉತ್ಪತ್ತಿಯಾಗುತ್ತವೆ. ವಾಂತಿ, ಹೊಟ್ಟೆನೋವು, ಭೇದಿ ಇವುಗಳ ಲಕ್ಷಣಗಳು. ಟಿ-2 ವಿಷವು ರಕ್ತಕಣಗಳು ಉತ್ಪತ್ತಿಯಾಗುವ ಮಜ್ಜೆಯನ್ನೂ ಹಾಳುಮಾಡುತ್ತದೆ.

• ಆಕ್ರಟಾಕ್ಸಿನ್ ಎ: ಆಸ್ಪರ್ಜಿಲಸ್ ಮತ್ತು ಪೆನಿಸಿಲಿಯಮ್ ಕುಲಗಳ ಕೆಲವು ಜಾತಿಗಳಿಂದ ಉತ್ಪತ್ತಿಯಾಗಿ ಮೂತ್ರಪಿಂಡವನ್ನು ಬಾಧಿಸುತ್ತದೆ. ಧಾನ್ಯಗಳಲ್ಲದೆ ಕಾಫಿಬೀಜದಲ್ಲಿಯೂ ಕಂಡುಬರುತ್ತದೆ.

• ಅರ್ಗಟ್ ವಿಷಗಳು: ಕ್ಲಾವಿಸೆಪ್ಸ್ ಕುಲದ ಶಿಲೀಂಧ್ರ ತಗುಲಿದ ತೆನೆಯಲ್ಲಿ ಮೊದಲು ಜೇನಿನಂತಹ ಅಂಟುದ್ರವ ಒಸರುತ್ತದೆ, ಅನಂತರ ಕಾಳಿನ ಜಾಗದಲ್ಲಿ ಕಪ್ಪಾದ ಗಟ್ಟಿ ಗಂಟುಗಳು ಬೆಳೆಯುತ್ತವೆ. ಭಾರತದಲ್ಲಿ ಇದು ಮುಖ್ಯವಾಗಿ ಸಜ್ಜೆಯ ಸಮಸ್ಯೆ.

• ಸಿಟ್ರಿಯೊವಿರಿಡಿನ್: ಪೆನಿಸಿಲಿಯಮ್‌ನಿಂದ ಹಳದಿಗಟ್ಟಿದ ಅಕ್ಕಿಯಲ್ಲಿ ಕಂಡುಬರುವ ವಿಷ. ಜಪಾನಿನಲ್ಲಿ ಒಂದು ಕಾಲಕ್ಕೆ ಹರಡಿದ್ದ ಹೃದಯಸಂಬಂಧಿ ಬೆರಿಬೆರಿಯಲ್ಲಿ ಇದರ ಪಾತ್ರವನ್ನು ಗುರುತಿಸಲಾಗಿದೆ.

ಭತ್ತದ ತೆನೆಯಲ್ಲಿ ಕಿತ್ತಳೆ ಅಥವಾ ಹಸಿರು ಬಣ್ಣದ ಮೃದುವಾದ ಉಂಡೆಗಳಂತೆ ಕಾಣುವ ಹುಸಿ ಕಾಡಿಗೆ ರೋಗವು ಒಳ್ಳೆಯ ಫಸಲಿನ ವರ್ಷಗಳಲ್ಲಿ ಹೆಚ್ಚಾಗಿ ಕಾಣುವುದರಿಂದ ಅದಕ್ಕೆ ‘ಲಕ್ಷ್ಮಿ ರೋಗ’ ಎಂಬ ಹೆಸರೂ ಇದೆ. ಹೆಸರು ಮಂಗಳಕರವಾದರೂ ಈ ಶಿಲೀಂಧ್ರವೂ ಉಸ್ಟಿಲಾಕ್ಸಿನ್ ಎಂಬ ವಿಷವನ್ನು ಉತ್ಪತ್ತಿ ಮಾಡುತ್ತದೆ.

ಇತಿಹಾಸ

ಮಧ್ಯಯುಗದ ಯೂರೋಪಿನಲ್ಲಿ ಅರ್ಗಟ್ ತಗುಲಿದ ರೈ ಧಾನ್ಯದ ರೊಟ್ಟಿ ತಿಂದವರಿಗೆ ಕೈಕಾಲು ಉರಿದು ಕೊಳೆಯುವ ರೋಗ ಬರುತ್ತಿತ್ತು. ಅದನ್ನು ‘ಸಂತ ಅಂತೋನಿಯ ಬೆಂಕಿ’ ಎಂದು ಕರೆಯುತ್ತಿದ್ದರು. 1940ರ ದಶಕದಲ್ಲಿ ಸೋವಿಯತ್ ಒಕ್ಕೂಟದ ಒರೆನ್‌ಬರ್ಗ್ ಪ್ರದೇಶದಲ್ಲಿ ಯುದ್ಧದ ಕಾರಣದಿಂದ ಕಟಾವಾಗದೆ ಚಳಿಗಾಲವಿಡೀ ಹಿಮದಡಿ ಉಳಿದ ಧಾನ್ಯವನ್ನು ತಿಂದು ಅನೇಕರು ಸತ್ತರು.

ಆಧುನಿಕ ಅಧ್ಯಯನಕ್ಕೆ ನಾಂದಿಯಾದುದು 1960ರ ಇಂಗ್ಲೆಂಡಿನ ಪ್ರಕರಣ. ಅಲ್ಲಿ 1,00,000ಕ್ಕೂ ಹೆಚ್ಚು ಟರ್ಕಿ ಕೋಳಿಮರಿಗಳು ಕಾರಣ ತಿಳಿಯದ ರೋಗದಿಂದ ಸತ್ತವು. ಬ್ರೆಜಿಲ್‌ನಿಂದ ತರಿಸಿದ ಕಡಲೆಕಾಯಿ ಹಿಂಡಿಯಲ್ಲಿದ್ದ ಶಿಲೀಂಧ್ರ ವಿಷವೇ ಇದಕ್ಕೆ ಕಾರಣವೆಂದು ಪತ್ತೆಯಾಯಿತು. ಅಫ್ಲಾಟಾಕ್ಸಿನ್ ಹೀಗೆ ಬೆಳಕಿಗೆ ಬಂತು. ಅದೇ ದಶಕದಲ್ಲಿ ಆಗಿನ ಮೈಸೂರು ರಾಜ್ಯದಲ್ಲಿಯೂ ಕೋಳಿಗಳು ಅಫ್ಲಾಟಾಕ್ಸಿನ್‌ನಿಂದ ಸತ್ತುದು ದಾಖಲಾಗಿದೆ. 2004ರಲ್ಲಿ ಕೀನ್ಯಾದಲ್ಲಿ ಕಲುಷಿತ ಮುಸುಕಿನ ಜೋಳದಿಂದ 317 ಮಂದಿ ಅಸ್ವಸ್ಥರಾಗಿ 125 ಮಂದಿ ಮರಣ ಹೊಂದಿದರು.

ಭಾರತದ ಪ್ರಕರಣಗಳು

1974ರ ಪಶ್ಚಿಮ ಭಾರತದ ದುರಂತ

1974ರ ಕೊನೆಯ ತಿಂಗಳುಗಳಲ್ಲಿ ರಾಜಸ್ಥಾನದ ಬಾಂಸ್‌ವಾಡಾ ಮತ್ತು ಗುಜರಾತಿನ ಪಂಚಮಹಲ್ ಜಿಲ್ಲೆಗಳ ಹಳ್ಳಿಗಳಲ್ಲಿ ಕಾಮಾಲೆ, ಹೊಟ್ಟೆಯಲ್ಲಿ ನೀರು ತುಂಬುವಿಕೆ ಮತ್ತು ಕಾಲುಗಳ ಊತದಿಂದ ಕೂಡಿದ ರೋಗ ಕಾಣಿಸಿಕೊಂಡಿತು. ಹೈದರಾಬಾದಿನ ರಾಷ್ಟ್ರೀಯ ಪೋಷಣ ಸಂಸ್ಥೆಯ ಕೆ. ಎ. ವಿ. ಆರ್. ಕೃಷ್ಣಮಾಚಾರಿ ಮತ್ತು ಸಹೋದ್ಯೋಗಿಗಳು ಇದನ್ನು ಅಧ್ಯಯನ ಮಾಡಿ 1975ರಲ್ಲಿ ವರದಿ ಪ್ರಕಟಿಸಿದರು. ಅದರಂತೆ 397 ಮಂದಿ ರೋಗಕ್ಕೆ ತುತ್ತಾಗಿ 106 ಮಂದಿ ಮೃತಪಟ್ಟಿದ್ದರು. ಕೊಯ್ಲಿನ ಹೊತ್ತಿಗೆ ಬಂದ ಅಕಾಲಿಕ ಮಳೆಯಿಂದ ಮುಸುಕಿನ ಜೋಳ ಬೂಷ್ಟು ಹಿಡಿದಿತ್ತು. ರೋಗಪೀಡಿತ ಮನೆಗಳ ಧಾನ್ಯದಲ್ಲಿ ಕಿಲೊಗ್ರಾಂಗೆ 6.25ರಿಂದ 15.6 ಮಿಲಿಗ್ರಾಂ ಅಫ್ಲಾಟಾಕ್ಸಿನ್ ಪತ್ತೆಯಾಯಿತು. ಇದು ಭಾರತದ ಈಗಿನ ಮಿತಿಯ ಸುಮಾರು 400ರಿಂದ 1,000 ಪಟ್ಟು. ಅದೇ ಮನೆಗಳ ಆಹಾರ ತಿಂದ ನಾಯಿಗಳಲ್ಲಿಯೂ ಇದೇ ಲಕ್ಷಣಗಳು ಕಂಡುಬಂದಿದ್ದವು. ಬಾಧಿತರಲ್ಲಿ ಹೆಚ್ಚಿನವರು ಬಡ ಆದಿವಾಸಿ ಕುಟುಂಬಗಳವರು. ಮುಸುಕಿನ ಜೋಳವೇ ಅವರ ಮುಖ್ಯ ಆಹಾರವಾಗಿತ್ತು.

ಮೈಸೂರಿನ ಮಕ್ಕಳ ಪ್ರಕರಣ

ಮೈಸೂರಿನ ವೈದ್ಯರು ಮತ್ತು ಕೇಂದ್ರೀಯ ಆಹಾರ ತಾಂತ್ರಿಕ ಸಂಶೋಧನಾಲಯದ (ಸಿಎಫ್‌ಟಿಆರ್‌ಐ) ವಿಜ್ಞಾನಿಗಳು 1971ರಲ್ಲಿ ಪ್ರಕಟಿಸಿದ ವರದಿಯು ಅಪೌಷ್ಟಿಕತೆಯಿಂದ ಬಳಲುತ್ತಿದ್ದ ಮಕ್ಕಳಿಗೆ ಸಂಬಂಧಿಸಿದುದು. ಅವರಿಗೆ ಪುಷ್ಟಿಗಾಗಿ ಕೊಟ್ಟ ಕಡಲೆಕಾಯಿ ಹಿಟ್ಟಿನಲ್ಲಿ ಅಫ್ಲಾಟಾಕ್ಸಿನ್ ಸೇರಿತ್ತೆಂಬುದು ತಡವಾಗಿ ತಿಳಿಯಿತು. ಅವರಲ್ಲಿ ಕೆಲವರ ಯಕೃತ್ತಿನಲ್ಲಿ ಸಿರೋಸಿಸ್‌ನ ಲಕ್ಷಣಗಳು ಕಂಡುಬಂದವು. ಇಲ್ಲಿನ ಆಹಾರ ಧಾನ್ಯವಲ್ಲವಾದರೂ, ಪೂರಕ ಆಹಾರಗಳ ಕಚ್ಚಾವಸ್ತುವನ್ನು ಮೊದಲೇ ಪರೀಕ್ಷಿಸಬೇಕೆಂಬ ಎಚ್ಚರವನ್ನು ಈ ಪ್ರಕರಣ ಮೂಡಿಸಿತು.

1995ರ ದಖ್ಖನ್ ಪ್ರಕರಣ

ಕರ್ನಾಟಕಕ್ಕೆ ನೇರವಾಗಿ ಸಂಬಂಧಿಸಿದ ಧಾನ್ಯವಿಷದ ಪ್ರಕರಣ 1995ರದು. ಕರ್ನಾಟಕ ಮತ್ತು ಆಗಿನ ಆಂಧ್ರಪ್ರದೇಶಕ್ಕೆ ಸೇರಿದ ದಖ್ಖನ್ ಪ್ರಸ್ಥಭೂಮಿಯ ಕೆಲವು ಹಳ್ಳಿಗಳಲ್ಲಿ ಹೊಟ್ಟೆನೋವು, ಹೊಟ್ಟೆ ಗುಡುಗುಡುಗುಟ್ಟುವಿಕೆ ಮತ್ತು ಭೇದಿ ಹರಡಿತು. ರಾಷ್ಟ್ರೀಯ ಪೋಷಣ ಸಂಸ್ಥೆಯ ರಮೇಶ್ ವಿ. ಭಟ್ ಮತ್ತು ಸಹೋದ್ಯೋಗಿಗಳು ಬಾಧಿತವಾದ 50 ಹಳ್ಳಿಗಳ ಪೈಕಿ 27ರಲ್ಲಿ ಸಮೀಕ್ಷೆ ನಡೆಸಿ 1,424 ಮಂದಿಯಿಂದ ಮಾಹಿತಿ ಸಂಗ್ರಹಿಸಿದರು. ಮಳೆಗೆ ಸಿಕ್ಕಿ ಬೂಷ್ಟು ಹಿಡಿದ ಜೋಳ ಅಥವಾ ಮುಸುಕಿನ ಜೋಳವನ್ನು ತಿಂದ ಮನೆಗಳಲ್ಲಿ ಮಾತ್ರ ಕಾಯಿಲೆ ಇತ್ತು. ಆ ಮನೆಗಳಿಂದ ತಂದ ಧಾನ್ಯಗಳ ಎಲ್ಲ ಮಾದರಿಗಳಲ್ಲಿಯೂ ಫ್ಯುಮೋನಿಸಿನ್ ಬಿ1 ದೊರೆಯಿತು: ಜೋಳದಲ್ಲಿ ಕಿಲೊಗ್ರಾಂಗೆ 0.14ರಿಂದ 7.8 ಮಿಲಿಗ್ರಾಂ, ಮುಸುಕಿನ ಜೋಳದಲ್ಲಿ 0.25ರಿಂದ 64.7 ಮಿಲಿಗ್ರಾಂ. ಅದೇ ಧಾನ್ಯವನ್ನು ತಿನ್ನಿಸಿದ ಕೋಳಿಮರಿಗಳಿಗೂ ಭೇದಿಯಾಯಿತು. ಕಾಯಿಲೆ ತಾನಾಗಿಯೇ ಶಮನವಾಗುವಂತಹುದಾಗಿತ್ತು.

1974ರ ಮತ್ತು 1995ರ ಪ್ರಕರಣಗಳಲ್ಲಿ ವಿಷಗಳು ಬೇರೆ ಬೇರೆಯಾದರೂ ಸನ್ನಿವೇಶ ಒಂದೇ. ಕೊಯ್ಲಿನ ಹೊತ್ತಿಗೆ ಮಳೆ ಬಂದಿತು, ಧಾನ್ಯ ಒಣಗಲಿಲ್ಲ, ಕೆಟ್ಟ ಕಾಳೇ ಮನೆಯ ಊಟವಾಯಿತು. ಮನೆಯಲ್ಲಿ ಬೇರೆ ಧಾನ್ಯವಿದ್ದವರು ಕೆಟ್ಟುದನ್ನು ಎಸೆಯಬಲ್ಲರು. ವರ್ಷದ ದುಡಿಮೆಯೆಲ್ಲ ಆ ಒಂದು ಬೆಳೆಯಲ್ಲಿದ್ದವರಿಗೆ ಅದು ಸಾಧ್ಯವಾಗುವುದಿಲ್ಲ.

ಇತರ ಪ್ರಕರಣಗಳು

ಅರ್ಗಟ್ ತಗುಲಿದ ಸಜ್ಜೆ ತಿಂದು ವಾಕರಿಕೆ, ವಾಂತಿ ಮತ್ತು ಮಂಪರಿಗೆ ಒಳಗಾದ ಘಟನೆಗಳು ಪಶ್ಚಿಮ ಭಾರತದಿಂದ ವರದಿಯಾಗಿವೆ. 1987ರಲ್ಲಿ ಕಾಶ್ಮೀರ ಕಣಿವೆಯಲ್ಲಿ ಮಳೆಯಿಂದ ಕೆಟ್ಟ ಗೋಧಿಯ ರೊಟ್ಟಿ ತಿಂದವರಿಗೆ ಹೊಟ್ಟೆನೋವು, ಭೇದಿ ಕಾಣಿಸಿಕೊಂಡವು. ಆ ಗೋಧಿಯಲ್ಲಿ ಡಿಆಕ್ಸಿನಿವಲೆನಾಲ್ ಮತ್ತು ಅದೇ ವರ್ಗದ ಇತರ ವಿಷಗಳು ಪತ್ತೆಯಾದವು.

ಆರೋಗ್ಯದ ಮೇಲಿನ ಪರಿಣಾಮ

ಒಮ್ಮೆಲೇ ಹೆಚ್ಚಿನ ಪ್ರಮಾಣದಲ್ಲಿ ವಿಷ ಸೇರಿದಾಗ ರೋಗಲಕ್ಷಣಗಳು ಬೇಗ ಪ್ರಕಟವಾಗುತ್ತವೆ. ಇದಕ್ಕಿಂತ ವ್ಯಾಪಕವಾದ ಅಪಾಯವೆಂದರೆ ಅಲ್ಪ ಪ್ರಮಾಣದ ವಿಷ ಪ್ರತಿದಿನದ ಊಟದಲ್ಲಿ ವರ್ಷಗಟ್ಟಲೆ ಸೇರುತ್ತ ಹೋಗುವುದು. ಇದರಲ್ಲಿ ನೋವಾಗಲಿ ಸೂಚನೆಯಾಗಲಿ ಇರುವುದಿಲ್ಲ.

ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯು ಅಫ್ಲಾಟಾಕ್ಸಿನ್‌ಗಳನ್ನು ಮನುಷ್ಯರಲ್ಲಿ ಕ್ಯಾನ್ಸರ್ ಉಂಟುಮಾಡುವುದು ಖಚಿತವಾಗಿರುವ ಮೊದಲ ಗುಂಪಿನಲ್ಲಿ ಸೇರಿಸಿದೆ. ಫ್ಯುಮೋನಿಸಿನ್ ಬಿ1 ಮತ್ತು ಆಕ್ರಟಾಕ್ಸಿನ್ ಎ ‘ಕ್ಯಾನ್ಸರ್‌ಕಾರಕವಾಗಿರುವ ಸಾಧ್ಯತೆಯುಳ್ಳ’ 2ಬಿ ಗುಂಪಿನಲ್ಲಿವೆ. ಅಫ್ಲಾಟಾಕ್ಸಿನ್ ಬಿ1 ಯಕೃತ್ತಿನಲ್ಲಿ ರೂಪಾಂತರ ಹೊಂದಿ ಜೀವಕೋಶದ ಡಿಎನ್‌ಎಗೆ ಅಂಟಿಕೊಳ್ಳುತ್ತದೆ. ಹೆಪಟೈಟಿಸ್ ಬಿ ಸೋಂಕು ಇರುವವರಲ್ಲಿ ಅಫ್ಲಾಟಾಕ್ಸಿನ್‌ನಿಂದ ಯಕೃತ್ತಿನ ಕ್ಯಾನ್ಸರ್ ಬರುವ ಸಂಭವ, ಸೋಂಕಿಲ್ಲದವರಿಗಿಂತ ಹಲವು ಪಟ್ಟು ಹೆಚ್ಚು. ಈ ಕಾರಣದಿಂದ ಹೆಪಟೈಟಿಸ್ ಬಿ ಲಸಿಕೆಯೂ ಪರೋಕ್ಷವಾಗಿ ಈ ಅಪಾಯದಿಂದ ರಕ್ಷಣೆ ನೀಡುತ್ತದೆ.

ಮಕ್ಕಳು ತಮ್ಮ ತೂಕಕ್ಕೆ ಹೋಲಿಸಿದರೆ ಹೆಚ್ಚು ಆಹಾರ ತಿನ್ನುವುದರಿಂದ ಅವರಿಗೆ ಸೇರುವ ವಿಷದ ಪ್ರಮಾಣವೂ ಹೆಚ್ಚು. ಆಫ್ರಿಕದ ಕೆಲವು ದೇಶಗಳಲ್ಲಿ ನಡೆದ ಅಧ್ಯಯನಗಳು ಅಫ್ಲಾಟಾಕ್ಸಿನ್ ಸೇವನೆಗೂ ಮಕ್ಕಳ ಕುಂಠಿತ ಬೆಳವಣಿಗೆಗೂ ಸಂಬಂಧವನ್ನು ತೋರಿಸಿವೆ.

ಮಂಡ್ಯ ಸೀಮೆಯಲ್ಲಿ ಕೊಯ್ಲು ಮತ್ತು ಸಂಗ್ರಹಣೆ

ಕಾವೇರಿ ಮತ್ತು ಹೇಮಾವತಿ ನದಿಗಳು ಹರಿಯುವ ಮಂಡ್ಯ ಜಿಲ್ಲೆಯ ಕೃಷಿಯು ಧಾನ್ಯದ ತೇವಾಂಶದ ಸಮಸ್ಯೆಯನ್ನು ಅರಿಯಲು ಒಳ್ಳೆಯ ಉದಾಹರಣೆ. ಕೃಷ್ಣರಾಜಸಾಗರದ ವಿಶ್ವೇಶ್ವರಯ್ಯ ನಾಲೆಯ ನೀರುಂಡ ಶ್ರೀರಂಗಪಟ್ಟಣ ಮತ್ತು ಪಾಂಡವಪುರದ ಬಯಲುಗಳಲ್ಲಿಯೂ, ಮಂದಗೆರೆ, ಹೇಮಗಿರಿ ಅಣೆಕಟ್ಟೆಗಳ ನಾಲೆಗಳಿರುವ ಕೃಷ್ಣರಾಜಪೇಟೆ ತಾಲ್ಲೂಕಿನಲ್ಲಿಯೂ ಭತ್ತ ಬೆಳೆಯುತ್ತದೆ. ಹೇಮಾವತಿಯ ದಡದ ಅಕ್ಕಿಹೆಬ್ಬಾಳು ಇದೇ ತಾಲ್ಲೂಕಿನ ಹೋಬಳಿ ಕೇಂದ್ರ. ನಾಗಮಂಗಲದ ಕಡೆ ಮಳೆಯಾಶ್ರಿತ ರಾಗಿ ಹೆಚ್ಚು.

ಇಲ್ಲಿ ಮುಂಗಾರಿನ ಭತ್ತ ಮತ್ತು ರಾಗಿ ಕೊಯ್ಲಿಗೆ ಬರುವುದು ಬಹುತೇಕ ನವೆಂಬರ್, ಡಿಸೆಂಬರ್ ತಿಂಗಳುಗಳಲ್ಲಿ. ಬಂಗಾಳ ಕೊಲ್ಲಿಯ ವಾಯುಭಾರ ಕುಸಿತದಿಂದ ಹಿಂಗಾರು ಮಳೆ ಸುರಿಯುವುದೂ ಇದೇ ಕಾಲದಲ್ಲಿ. ಬೇಸಿಗೆ ಭತ್ತದ ಕೊಯ್ಲಿಗೆ ಮುಂಗಾರುಪೂರ್ವ ಮಳೆ ಅಡ್ಡಬರುತ್ತದೆ. ಮೋಡ ಕವಿದ ದಿನಗಳಲ್ಲಿ ರಾಶಿ ಹಾಕಿ ಟಾರ್ಪಾಲು ಮುಚ್ಚಿದ ಭತ್ತ ಒಳಗೊಳಗೇ ಬಿಸಿಯಾಗುತ್ತದೆ. ಕಟಾವು ಯಂತ್ರ ಬಂದ ಮೇಲೆ ಕೊಯ್ಲು ಮತ್ತು ಒಕ್ಕಣೆ ಒಂದೇ ದಿನ ಮುಗಿಯುತ್ತವೆ. ಹಿಂದೆ ಅರಿಯಾಗಿ ಬಿದ್ದು ಗದ್ದೆಯಲ್ಲೇ ಒಣಗುತ್ತಿದ್ದ ಪೈರು ಈಗ ಹಸಿಕಾಳಾಗಿ ನೇರವಾಗಿ ರಾಶಿಗೆ ಬರುತ್ತದೆ. ಒಣಗಿಸಲು ಕಣವಿಲ್ಲದ ರೈತರು ರಸ್ತೆಯ ಮೇಲೆ ಹರಡುತ್ತಾರೆ, ಇಲ್ಲವೇ ಸಿಕ್ಕ ಬೆಲೆಗೆ ಹಸಿಯಾಗಿಯೇ ಮಾರುತ್ತಾರೆ. ಸರ್ಕಾರದ ಬೆಂಬಲ ಬೆಲೆಯ ಖರೀದಿಯಲ್ಲಿ ಭತ್ತಕ್ಕೆ ಶೇ. 17, ಜೋಳ ಮತ್ತು ಮುಸುಕಿನ ಜೋಳಕ್ಕೆ ಶೇ. 14, ರಾಗಿಗೆ ಶೇ. 12 ತೇವಾಂಶದ ಗರಿಷ್ಠ ಮಿತಿ ಇದೆ. ಭತ್ತದ ಶೇ. 17 ಖರೀದಿಯ ಮಿತಿಯೇ ಹೊರತು ದೀರ್ಘಕಾಲದ ಸಂಗ್ರಹಣೆಗೆ ಸುರಕ್ಷಿತ ಮಟ್ಟವಲ್ಲ, ಅದಕ್ಕೆ ಶೇ. 14ಕ್ಕಿಂತ ಕಡಿಮೆ ಇರಬೇಕು.

ರಾಗಿಯು ಚೆನ್ನಾಗಿ ಒಣಗಿದ್ದರೆ ಬಹಳ ವರ್ಷ ಕೆಡದೆ ಉಳಿಯುವ ಧಾನ್ಯ. ಹಳೆಯ ಮೈಸೂರು ಸೀಮೆಯಲ್ಲಿ ಅದನ್ನು ‘ಹಗೇವು’ ಎಂಬ ನೆಲದೊಳಗಿನ ಗುಂಡಿಯಲ್ಲಿ ತುಂಬಿ ಬಾಯಿ ಮುಚ್ಚುತ್ತಿದ್ದರು. ಮುಚ್ಚಿದ ಗುಂಡಿಯಲ್ಲಿ ಆಮ್ಲಜನಕ ಕಡಿಮೆಯಾಗಿ ಇಂಗಾಲದ ಡೈಆಕ್ಸೈಡ್ ತುಂಬುವುದರಿಂದ ಕೀಟವೂ ಬೂಷ್ಟೂ ಬೆಳೆಯುತ್ತಿರಲಿಲ್ಲ. ತೆರೆದ ಕೂಡಲೇ ಒಳಗೆ ಇಳಿಯುವುದು ಪ್ರಾಣಕ್ಕೆ ಅಪಾಯವಾದುದರಿಂದ ಗಾಳಿ ಆಡುವವರೆಗೆ ಕಾಯುವ ರೂಢಿಯಿತ್ತು. ಇಂದಿನ ಗಾಳಿಯಾಡದ ಸಂಗ್ರಹಣಾ ಚೀಲಗಳು ಇದೇ ತತ್ತ್ವವನ್ನು ಅನುಸರಿಸುತ್ತವೆ. ಹಗೇವಿಗಾಗಲಿ ಚೀಲಕ್ಕಾಗಲಿ ನಿಯಮ ಒಂದೇ: ಒಳಗೆ ಹೋಗುವ ಕಾಳು ಒಣಗಿರಬೇಕು.

ಮೇವಿನಿಂದ ಹಾಲಿಗೆ

ಮನುಷ್ಯರು ತಿನ್ನಲು ಒಲ್ಲದ ಕೆಟ್ಟ ಧಾನ್ಯ ಸಾಮಾನ್ಯವಾಗಿ ದನಕರುಗಳ ಪಾಲಾಗುತ್ತದೆ. ಅಕ್ಕಿಯನ್ನು ಗಿರಣಿಯಲ್ಲಿ ಪಾಲಿಶ್ ಮಾಡಿದಾಗ ವಿಷದ ಹೆಚ್ಚಿನ ಭಾಗ ಹೊರಪದರದ ಜೊತೆ ತೌಡಿಗೆ ಸೇರುತ್ತದೆ. ಹಸು ತಿಂದ ಅಫ್ಲಾಟಾಕ್ಸಿನ್ ಬಿ1ರ ಒಂದು ಅಂಶ, ಸಾಮಾನ್ಯವಾಗಿ ಶೇ. 1ರಿಂದ 3ರಷ್ಟು, ಎಂ1 ಎಂಬ ರೂಪದಲ್ಲಿ ಹಾಲಿಗೆ ಬರುತ್ತದೆ. ಕೆಟ್ಟ ಮೇವನ್ನು ನಿಲ್ಲಿಸಿದ ಕೆಲವೇ ದಿನಗಳಲ್ಲಿ ಹಾಲು ಶುದ್ಧವಾಗುತ್ತದೆ. ಹಾಲನ್ನು ಕಾಯಿಸುವುದರಿಂದ ಎಂ1 ಹೋಗುವುದಿಲ್ಲ. ಭಾರತೀಯ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಪ್ರಾಧಿಕಾರದ 2018ರ ರಾಷ್ಟ್ರೀಯ ಹಾಲು ಸಮೀಕ್ಷೆಯಲ್ಲಿ ಪರೀಕ್ಷಿಸಿದ 6,432 ಮಾದರಿಗಳ ಪೈಕಿ ಶೇ. 5.7ರಲ್ಲಿ ಎಂ1 ಮಿತಿಮೀರಿತ್ತು. ಪ್ರಾಧಿಕಾರವು ಇದರ ಮೂಲವನ್ನು ಮೇವು ಮತ್ತು ಪಶು ಆಹಾರದಲ್ಲಿ ಗುರುತಿಸಿತು. ಹೈನುಗಾರಿಕೆಯೂ ಭತ್ತದ ಕೃಷಿಯೂ ಜೊತೆಜೊತೆಗೆ ಇರುವ ಮಂಡ್ಯದಂತಹ ಜಿಲ್ಲೆಗಳಲ್ಲಿ ಈ ಸಂಬಂಧ ಗಮನಾರ್ಹ.

ಅಡುಗೆ ಮತ್ತು ಸಂಸ್ಕರಣೆಯ ಪರಿಣಾಮ

ಅಫ್ಲಾಟಾಕ್ಸಿನ್ ವಿಭಜನೆಗೊಳ್ಳಲು 200 ಡಿಗ್ರಿ ಸೆಲ್ಸಿಯಸ್‌ಗೂ ಹೆಚ್ಚಿನ ಶಾಖ ಬೇಕು. ಅನ್ನ ಬೇಯುವ, ಮುದ್ದೆ ಕುದಿಯುವ ಶಾಖ ಸುಮಾರು 100 ಡಿಗ್ರಿ ಮಾತ್ರ. ಹುರಿಯುವುದರಿಂದ ವಿಷ ಸ್ವಲ್ಪ ಕಡಿಮೆಯಾದರೂ ಪೂರ್ತಿ ಹೋಗುವುದಿಲ್ಲ. ತೊಳೆಯುವುದರಿಂದ ಮೇಲ್ಮೈಯ ಬೂಷ್ಟು ಹೋಗುತ್ತದೆ. ಕಾಳಿನೊಳಗಿನ ವಿಷ ಉಳಿಯುತ್ತದೆ.

ಇದಕ್ಕಿಂತ ಪರಿಣಾಮಕಾರಿಯಾದುದು ಕಾಳನ್ನು ಬೇರ್ಪಡಿಸುವುದು. ಒಂದು ರಾಶಿಯ ವಿಷದ ಹೆಚ್ಚಿನ ಪಾಲು ಅದರಲ್ಲಿನ ಕೆಲವೇ ಕಾಳುಗಳಲ್ಲಿರುತ್ತದೆ. ಸುಕ್ಕಾದ, ಬಣ್ಣಗೆಟ್ಟ, ಹುಳು ಕೊರೆದ, ಹಗುರವಾದ ಕಾಳುಗಳನ್ನು ಮೊರದಲ್ಲಿ ಕೇರಿ, ಆರಿಸಿ ತೆಗೆದರೆ ವಿಷದ ಪ್ರಮಾಣ ಗಣನೀಯವಾಗಿ ಇಳಿಯುತ್ತದೆ. ಸಜ್ಜೆಯನ್ನು ಉಪ್ಪುನೀರಿಗೆ ಹಾಕಿದರೆ ಅರ್ಗಟ್ ಗಂಟುಗಳು ತೇಲುತ್ತವೆ. ಒಳ್ಳೆಯ ಕಾಳು ಮುಳುಗುತ್ತದೆ. ಆರಿಸಿ ತೆಗೆದ ಕಾಳನ್ನು ಕೋಳಿಗೂ ಹಾಕಬಾರದು, ದನಕ್ಕೂ ಹಾಕಬಾರದು.

ತಡೆಗಟ್ಟುವ ಕ್ರಮಗಳು

• ಬೆಳೆ ಬಲಿತ ಕೂಡಲೇ ಕೊಯ್ಲು ಮಾಡುವುದು. ಮಳೆಗೆ ನೆನೆದ ತೆನೆಯನ್ನು ಒಣಗಿದ ತೆನೆಯ ಜೊತೆ ಮೆದೆ ಹಾಕದಿರುವುದು.
• ಕಾಳನ್ನು ಬರಿನೆಲದ ಮೇಲೆ ಹರಡದೆ ಕಾಂಕ್ರೀಟ್ ಕಣ ಅಥವಾ ಟಾರ್ಪಾಲಿನ ಮೇಲೆ ತೆಳುವಾಗಿ ಹರಡಿ ಆಗಾಗ ಕೈಯಾಡಿಸುವುದು.
• ತೇವವನ್ನು ಪರೀಕ್ಷಿಸುವುದು. ಒಣಗಿದ ಕಾಳನ್ನು ಹಲ್ಲಿನಿಂದ ಕಚ್ಚಿದರೆ ‘ಕಟ್’ ಎಂದು ಮುರಿಯುತ್ತದೆ. ಇನ್ನೊಂದು ವಿಧಾನ: ಒಣಗಿದ ಗಾಜಿನ ಬಾಟಲಿಯಲ್ಲಿ ಕಾಳು ಮತ್ತು ಒಣ ಉಪ್ಪನ್ನು ಹಾಕಿ ಕುಲುಕಿ ಸ್ವಲ್ಪ ಹೊತ್ತು ಬಿಡಬೇಕು, ಉಪ್ಪು ಗಾಜಿಗೆ ಅಂಟಿದರೆ ತೇವಾಂಶ ಶೇ. 15ಕ್ಕಿಂತ ಹೆಚ್ಚಿದೆ ಎಂದರ್ಥ.
• ಚೀಲಗಳನ್ನು ಗೋಡೆಗೆ ತಾಗದಂತೆ ಮರದ ಹಲಗೆಗಳ ಮೇಲೆ ಪೇರಿಸುವುದು. ಸೋರುವ ಸೂರನ್ನು ಮಳೆಗಾಲಕ್ಕೆ ಮುನ್ನ ಸರಿಪಡಿಸುವುದು.
• ಹುಳು ಬೀಳದಂತೆ ನೋಡಿಕೊಳ್ಳುವುದು. ಹಳೆಯ ಕಾಳಿನ ಉಳಿಕೆಯ ಮೇಲೆ ಹೊಸತನ್ನು ಸುರಿಯದಿರುವುದು.
• ಒಂದೇ ಧಾನ್ಯವನ್ನು ಅವಲಂಬಿಸದೆ ಆಹಾರದಲ್ಲಿ ವೈವಿಧ್ಯ ಇಟ್ಟುಕೊಳ್ಳುವುದು. ಇದರಿಂದ ಒಂದು ಬೆಳೆ ಕೆಟ್ಟರೂ ದೇಹಕ್ಕೆ ಸೇರುವ ವಿಷ ಮಿತವಾಗಿರುತ್ತದೆ.

ಊರಿಗೊಂದು ಸಾರ್ವಜನಿಕ ಕಣ, ಬಾಡಿಗೆಗೆ ದೊರೆಯುವ ಒಣಗಿಸುವ ಯಂತ್ರ, ಮಳೆಗೆ ನೆನೆದ ಬೆಳೆಗೆ ಪರಿಹಾರ ಇವು ವೈಯಕ್ತಿಕ ಎಚ್ಚರಿಕೆಯಷ್ಟೇ ಮುಖ್ಯ. ಕೆಟ್ಟ ಕಾಳನ್ನು ಬಿಟ್ಟುಕೊಡಲು ಆಗದ ಮನೆಗಳಿಗೆ ಬದಲಿ ಧಾನ್ಯ ದೊರೆತಾಗಲೇ ಉಳಿದ ಸಲಹೆಗಳಿಗೆ ಅರ್ಥ ಬರುತ್ತದೆ.

ಕಾನೂನು ಮಿತಿಗಳು ಮತ್ತು ಪರೀಕ್ಷೆ

ಭಾರತೀಯ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಪ್ರಾಧಿಕಾರದ ನಿಯಮಗಳಂತೆ ಧಾನ್ಯ ಮತ್ತು ಧಾನ್ಯೋತ್ಪನ್ನಗಳಲ್ಲಿ ಒಟ್ಟು ಅಫ್ಲಾಟಾಕ್ಸಿನ್ ಕಿಲೊಗ್ರಾಂಗೆ 15 ಮೈಕ್ರೊಗ್ರಾಂ ಮೀರಬಾರದು. ಹಿಂದೆ ಈ ಮಿತಿ 30 ಮೈಕ್ರೊಗ್ರಾಂ ಇತ್ತು. ಗೋಧಿಯಲ್ಲಿ ಡಿಆಕ್ಸಿನಿವಲೆನಾಲ್‌ಗೆ 1,000 ಮೈಕ್ರೊಗ್ರಾಂ, ಗೋಧಿ, ಬಾರ್ಲಿ ಮತ್ತು ರೈಯಲ್ಲಿ ಆಕ್ರಟಾಕ್ಸಿನ್ ಎಗೆ 20 ಮೈಕ್ರೊಗ್ರಾಂ, ಹಾಲಿನಲ್ಲಿ ಎಂ1ಗೆ 0.5 ಮೈಕ್ರೊಗ್ರಾಂ ಮಿತಿಯಿದೆ. ಕಿಲೊಗ್ರಾಂಗೆ 15 ಮೈಕ್ರೊಗ್ರಾಂ ಎಂದರೆ ಸುಮಾರು 67 ಟನ್ ಧಾನ್ಯದಲ್ಲಿ ಒಂದು ಗ್ರಾಂ ವಿಷ.

ಇಷ್ಟು ಸೂಕ್ಷ್ಮ ಪ್ರಮಾಣವನ್ನು ಕಣ್ಣಾಗಲಿ ನಾಲಿಗೆಯಾಗಲಿ ಗುರುತಿಸಲಾರದು. ಪ್ರಯೋಗಾಲಯಗಳಲ್ಲಿ ಎಲೈಸಾ ಮತ್ತು ದ್ರವ ಕ್ರೊಮ್ಯಾಟೊಗ್ರಫಿ ವಿಧಾನಗಳಿಂದ ಪರೀಕ್ಷಿಸುತ್ತಾರೆ. ವಿಷವು ರಾಶಿಯಲ್ಲಿ ಸಮವಾಗಿ ಹರಡಿರುವುದಿಲ್ಲವಾದ್ದರಿಂದ ಒಂದೇ ಹಿಡಿ ಕಾಳನ್ನು ಪರೀಕ್ಷಿಸಿದರೆ ಫಲಿತಾಂಶ ದಾರಿತಪ್ಪಿಸಬಹುದು. ಚೀಲದ ಹಲವು ಭಾಗಗಳಿಂದ ಮಾದರಿ ತೆಗೆದು, ಬೆರೆಸಿ, ಪುಡಿಮಾಡಿ ಪರೀಕ್ಷಿಸಬೇಕು. ಮಾರುಕಟ್ಟೆಗೆ ಬರುವ ಧಾನ್ಯಕ್ಕೆ ಈ ಮಿತಿಗಳು ಅನ್ವಯಿಸುತ್ತವೆ. ರೈತನು ತನ್ನ ಮನೆಯ ಊಟಕ್ಕೆ ಉಳಿಸಿಕೊಂಡ ಕಾಳು ಯಾವ ಪರೀಕ್ಷೆಗೂ ಒಳಪಡುವುದಿಲ್ಲ. ಅದರ ಸುರಕ್ಷತೆಗೆ ಕಣದಲ್ಲಿ ಕಂಡ ಬಿಸಿಲೇ ಮುಖ್ಯ ಆಧಾರ.